ಡೈನೋಸಾರ್‌ಗಳ ಬಣ್ಣ ತಿಳಿದದ್ದು ಹೇಗೆ?

ಪ್ರಶ್ನೆ: ಕೋಟ್ಯಂತರ ವರ್ಷಗಳ ಹಿಂದೆ ಅಳಿದುಹೋದ ಡೈನೋಸಾರ್‌ಗಳ ಬಣ್ಣವನ್ನು ವಿಜ್ಞಾನಿಗಳು ಹೇಗೆ ಹೇಳುತ್ತಾರೆ? ಅದು ಬರೀ ಕಲ್ಪನೆಯೇ?

ಉತ್ತರ: ಬಹುಕಾಲ ಅದು ಚಿತ್ರಕಾರರ ಊಹೆಯೇ ಆಗಿತ್ತು; ಈಗ ಕೆಲವು ಪ್ರಭೇದಗಳ ಮಟ್ಟಿಗೆ ಹಾಗಲ್ಲ. ಗರಿಗಳಲ್ಲಿನ ಮೆಲನಿನ್ ವರ್ಣದ್ರವ್ಯವು ಮೆಲನೋಸೋಮ್ ಎಂಬ ಅತಿಸೂಕ್ಷ್ಮ ಕಣಗಳಲ್ಲಿ ಅಡಗಿರುತ್ತದೆ. ಅವು ಕಡ್ಡಿಯಂತೆ ನೀಳವಾಗಿದ್ದರೆ ಸಾಮಾನ್ಯವಾಗಿ ಕಪ್ಪು ಅಥವಾ ಬೂದು ಬಣ್ಣವನ್ನೂ, ಗುಂಡಗಿದ್ದರೆ ಕೆಂಗಂದು ಬಣ್ಣವನ್ನೂ ಸೂಚಿಸುತ್ತವೆ ಎಂಬುದಕ್ಕೆ ಇಂದಿನ ಹಕ್ಕಿಗಳೇ ಆಧಾರ. ಚೀನಾದ ಲಿಯಾವ್‌ನಿಂಗ್ ಪ್ರಾಂತ್ಯದ ಪಳೆಯುಳಿಕೆಗಳಲ್ಲಿ ಈ ಕಣಗಳ ಆಕಾರವೂ ಅಳಿಯದೆ ಉಳಿದಿರುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ಸಂಶೋಧಕರು, ಸೈನೋಸಾರಾಪ್ಟೆರಿಕ್ಸ್ ಎಂಬ ಗರಿಯುಳ್ಳ ಪುಟ್ಟ ಡೈನೋಸಾರ್‌ನ ಬಾಲದಲ್ಲಿ ಕೆಂಗಂದು ಮತ್ತು ಬಿಳಿ ಪಟ್ಟೆಗಳಿದ್ದವೆಂದು 2010ರಲ್ಲಿ ಪ್ರಕಟಿಸಿದರು. ಇಷ್ಟು ಬೆರಗು ಹುಟ್ಟಿಸಿದ ಶೋಧ ನನ್ನ ಓದಿನಲ್ಲಿ ಮತ್ತೊಂದಿಲ್ಲ. ಆದರೆ ಆಹಾರದಿಂದ ದೊರೆಯುವ ಕ್ಯಾರೊಟಿನಾಯ್ಡ್‌ಗಳು ಕೊಡುವ ಹಳದಿ, ಕೆಂಪು ಬಣ್ಣಗಳು ಇಂಥ ಕುರುಹನ್ನು ಬಿಡುವುದಿಲ್ಲವಾದ್ದರಿಂದ, ಅವುಗಳ ಬಗ್ಗೆ ಈ ವಿಧಾನವು ಏನನ್ನೂ ಹೇಳಲಾರದು.