ಇಶಿಕಾವಾ ಸಯುರಿಯವರ ಯಾವ ಹಾಡಿನಿಂದ ಕರೋಕೆ ಆರಂಭಿಸುವುದು ಒಳ್ಳೆಯದು?

ಡಿಸೆಂಬರಿನಲ್ಲಿ ಕಚೇರಿಯವರ ವರ್ಷಾಂತ್ಯದ ಕೂಟವಿದೆ, ಜಪಾನಿನ ಹಿರಿಯ ಸಹೋದ್ಯೋಗಿಗಳ ಮುಂದೆ ಗಾಯಕಿ ಇಶಿಕಾವಾ ಸಯುರಿಯವರ ಒಂದು ಹಾಡನ್ನು ಹಾಡಬೇಕೆಂಬ ಆಸೆಯಿದೆ, ಎಂಕಾ ಎಂಬ ಜಪಾನಿನ ಭಾವಪೂರ್ಣ ಹಾಡಿನ ಶೈಲಿಗೆ ಹೊಸಬನಾದ ಗಂಡಸು ಯಾವುದನ್ನು ಕಲಿಯಬಹುದು ಎಂದು ಕೇಳಿದ್ದೀರಿ. ನಾನು ಹನ್ನೆರಡು ವರ್ಷಗಳಿಂದ ಯೊಕೊಹಾಮಾದಲ್ಲಿದ್ದೇನೆ, ಎಂಕಾ ಹಾಡುಗಳನ್ನು ಮನಸ್ಸಿಟ್ಟು ಕಲಿತಿದ್ದೇನೆ. ‘ತ್ಸುಗರು ಕೈಕ್ಯೋ ಫುಯುಗೆಶಿಕಿ’ಯನ್ನು (ತ್ಸುಗರು ಜಲಸಂಧಿಯ ಚಳಿಗಾಲದ ನೋಟ) ಕಲಿಯಿರಿ ಎಂಬುದೇ ನನ್ನ ಉತ್ತರ. ಅಷ್ಟೇ ಹೆಸರಾದ ‘ಅಮಗಿಗೊಎ’ಯನ್ನು ಈ ವರ್ಷ ಮುಟ್ಟಬೇಡಿ.

ಕುಮಾಮೊತೊದಲ್ಲಿ 1958ರಲ್ಲಿ ಹುಟ್ಟಿದ ಇಶಿಕಾವಾ ಅವರು 1973ರಲ್ಲಿ ಹಾಡುಗಾರಿಕೆಗೆ ಬಂದರು. ಮೊದಲ ಕೆಲವು ವರ್ಷ ದೊಡ್ಡ ಹೆಸರು ಬರಲಿಲ್ಲ. 1977ರ ಜನವರಿಯಲ್ಲಿ, ಅವರಿಗಿನ್ನೂ ಹತ್ತೊಂಬತ್ತು ತುಂಬುವ ಮೊದಲೇ, ‘ತ್ಸುಗರು’ ಧ್ವನಿಮುದ್ರಿಕೆಯಾಗಿ ಹೊರಬಂದು ಅವರನ್ನು ಮನೆಮಾತಾಗಿಸಿತು. ಸಾಹಿತ್ಯ ಅಕು ಯೂ ಅವರದು, ರಾಗಸಂಯೋಜನೆ ಮಿಕಿ ತಕಾಶಿ ಅವರದು. ಟೋಕಿಯೊದ ಉಎನೊ ನಿಲ್ದಾಣದಿಂದ ರಾತ್ರಿ ರೈಲು ಹತ್ತಿದ ಹೆಣ್ಣೊಬ್ಬಳು ಹಾಡಿನ ಮೊದಲೆರಡು ಸಾಲುಗಳಲ್ಲಿಯೇ ಹಿಮ ಮುಚ್ಚಿದ ಅಒಮೊರಿಯಲ್ಲಿ ಇಳಿದುಬಿಡುತ್ತಾಳೆ. ಇಡೀ ರಾತ್ರಿಯ ಪ್ರಯಾಣ ಅಷ್ಟರಲ್ಲೇ ಮುಗಿದಿರುತ್ತದೆ. ಉತ್ತರಕ್ಕೆ ಮರಳುವ ಜನರೆಲ್ಲ ಮಾತಿಲ್ಲದೆ ನಡೆಯುತ್ತಾರೆ, ಕೇಳುವುದು ಕಡಲಿನ ಮೊರೆತ ಮಾತ್ರ. ಮುಂದಿನ ಚರಣದಲ್ಲಿ ಯಾರೋ ಅಪರಿಚಿತರು ‘ತಪ್ಪಿ’ ಎಂಬ ಹೆಸರಿನ ಭೂಶಿರವನ್ನು ತೋರಿಸಿದಾಗ, ಅವಳು ಉಸಿರಿನಿಂದ ಮಬ್ಬಾದ ಕಿಟಕಿ ಗಾಜನ್ನು ಒರೆಸಿ ನೋಡುತ್ತಾಳೆ, ಮಂಜಿನಾಚೆ ಏನೂ ಸ್ಪಷ್ಟವಾಗಿ ಕಾಣುವುದಿಲ್ಲ. ಜಲಸಂಧಿ ದಾಟಲು ಅವಳು ಹತ್ತಿದ ಅಒಮೊರಿ–ಹಕೊದಾತೆ ಹಡಗು ಇಂದು ಇಲ್ಲ. ಕಡಲಡಿಯ ಸೈಕನ್ ಸುರಂಗ ತೆರೆದ 1988ರಲ್ಲಿ ರೈಲ್ವೆಯ ಆ ಹಡಗುಸಂಚಾರ ನಿಂತಿತು. ನಿಮ್ಮ ಕೂಟದಲ್ಲಿ ಕೂತಿರುವ ಅರವತ್ತು ದಾಟಿದವರಲ್ಲಿ ಆ ಹಡಗಿನಲ್ಲಿ ಹೋದವರು ಒಬ್ಬಿಬ್ಬರಾದರೂ ಇರಬಹುದು ಎಂಬುದನ್ನು ಹಾಡುವಾಗ ನೆನಪಿನಲ್ಲಿಟ್ಟುಕೊಳ್ಳಿ.

ಹೊಸಬರಿಗೆ ಇದು ದಕ್ಕುತ್ತದೆ ಎನ್ನಲು ಕಾರಣವಿದೆ. ಪ್ರತಿ ಬಡಿತವೂ ಮೂರು ಸಮ ಭಾಗಗಳಾಗಿ ಒಡೆಯುತ್ತದೆ. ನಮ್ಮ ತಿಶ್ರ ನಡೆಯನ್ನು ಬಲ್ಲವರಿಗೆ ‘ತಕಿಟ ತಕಿಟ’ ಎಂದು ಬೆರಳಲ್ಲಿ ಎಣಿಸಿಕೊಂಡರೆ ಸಾಹಿತ್ಯ ತಾನಾಗಿ ಅದರ ಮೇಲೆ ಕೂರುತ್ತದೆ. ಜಪಾನಿ ಭಾಷೆಯಲ್ಲಿ ಹ್ರಸ್ವ ದೀರ್ಘಗಳು ಅರ್ಥವನ್ನೇ ಬದಲಿಸುತ್ತವೆ, ಆ ಎಚ್ಚರ ಕನ್ನಡಿಗರ ನಾಲಿಗೆಗೆ ಹುಟ್ಟಿನಿಂದಲೇ ಇದೆ. ನಾವು ಎಡವುವುದು ಅನುನಾಸಿಕದಲ್ಲಿ. ಉದಾಹರಣೆಗೆ ‘ಕನ್‌ತೆನ್’ (ಅಗರ್ ಜೆಲ್ಲಿ) ಎಂಬ ಮಾತು ನಮ್ಮ ಕಿವಿಗೆ ಎರಡು ಉಚ್ಚಾರವಾದರೆ, ಅವರ ಲೆಕ್ಕದಲ್ಲಿ ಅದು ನಾಲ್ಕು: ಕ, ನ್, ತೆ, ನ್. ಹಾಡಿನಲ್ಲಿ ಆ ‘ನ್’ ಸಹ ತನ್ನ ಪಾಲಿನ ಕಾಲವನ್ನು ಕೇಳುತ್ತದೆ.

ಇನ್ನು ಕೊಬುಶಿ. ಸ್ವರವನ್ನು ಕ್ಷಣಮಾತ್ರ ಹೊರಳಿಸಿ ಮತ್ತೆ ಸ್ಥಾನಕ್ಕೆ ತರುವ ಈ ಕುಸುರಿ ನಮ್ಮ ಗಮಕಕ್ಕೆ ಹತ್ತಿರದ್ದು, ಅದಕ್ಕಾಗಿಯೇ ಕರ್ನಾಟಕ ಸಂಗೀತ ಕಲಿತವರಿಗೆ ಅಪಾಯಕಾರಿ. ನಾನು ಮೊದಲ ಬಾರಿ ಈ ಹಾಡನ್ನು ಹಾಡಿದ್ದು ಮನೆಯ ಬಳಿಯ ಒಂದು ಸ್ನ್ಯಾಕ್‌ನಲ್ಲಿ, ಅಂದರೆ ಎಂಟು ಹತ್ತು ಜನ ಮಾತ್ರ ಕೂರಬಹುದಾದ ಸಣ್ಣ ಬಾರಿನಲ್ಲಿ. ಪಲ್ಲವಿಗೆ ಮೊದಲು ಬರುವ ‘ಆ ಆ’ ಬಂದೊಡನೆ ಚಿಕ್ಕಂದಿನ ಪಾಠವೆಲ್ಲ ಗಂಟಲಿಗೆ ಬಂದು, ನಾನು ಅದನ್ನು ಆಲಾಪನೆಯಂತೆ ಬಳುಕಿಸಿದೆ. ಅಂಗಡಿಯನ್ನು ನಡೆಸುವ ಹಿರಿಯ ಹೆಂಗಸು ಗ್ಲಾಸು ಒರೆಸುವುದನ್ನು ನಿಲ್ಲಿಸಿ, ಹಾಡು ಮುಗಿದ ಮೇಲೆ ಮೆಲ್ಲಗೆ, “ಅವಳಿಗೆ ಅಲ್ಲಿ ಚಳಿಯಾಗುತ್ತಿದೆ” ಎಂದರು. ಅಷ್ಟೇ ಹೇಳಿದ್ದು. ಅಂದಿನಿಂದ ಆ ಜಾಗದಲ್ಲಿ ನಾನು ದನಿಯನ್ನು ನೆಟ್ಟಗೆ ನಿಲ್ಲಿಸಿ, ಕೊನೆಯಲ್ಲಿ ಮಾತ್ರ ಸ್ವಲ್ಪ ಅದುರಿಸುತ್ತೇನೆ. ಅಂಕ ಕೊಡುವ ಕರೋಕೆ ಯಂತ್ರಗಳಲ್ಲಿ ಕೊಬುಶಿ ಎಷ್ಟು ಸಲ ಬಂತು ಎಂಬ ಎಣಿಕೆ ಪರದೆಯ ಮೇಲೆ ಕಾಣಿಸುತ್ತದೆ. ದಯವಿಟ್ಟು ಅದರ ಹಿಂದೆ ಓಡಬೇಡಿ.

‘ಅಮಗಿಗೊಎ’ 1986ರದ್ದು, ಸಾಹಿತ್ಯ ಯೊಶಿಓಕಾ ಒಸಾಮು ಅವರದು. ಇಜು ಪರ್ಯಾಯದ್ವೀಪದ ಅಮಗಿ ಘಟ್ಟ, ಜೋರೆನ್ ಜಲಪಾತ, ಹಳೆಯ ಸುರಂಗ ಇವೆಲ್ಲವನ್ನೂ ಹಾದು ಹೋಗುವ ಈ ಹಾಡಿನ ಹೆಣ್ಣು, ನಿನ್ನನ್ನು ಬೇರೊಬ್ಬಳು ಕಸಿದುಕೊಳ್ಳುವುದಾದರೆ ನಿನ್ನನ್ನು ಕೊಲ್ಲಲೇ ಎಂದು ಕೇಳುವವಳು. ಆರಂಭವನ್ನು ಪಿಸುಮಾತಿನಂತೆ ಕೆಳಗೆ ಹಿಡಿದು, ಕೊನೆಯಲ್ಲಿ ಬೆಟ್ಟವೇ ಉರಿಯುವಂತೆ ಏರಬೇಕು. ಅಭಿನಯ ಬಾರದೆ ಬರೀ ದನಿಯಿಂದ ಹಾಡಿದರೆ ಅದು ಕೂಗಾಟವಾಗುತ್ತದೆ. ಡಿಸೆಂಬರ್ 31ರ ರಾತ್ರಿ ಎನ್‌ಎಚ್‌ಕೆ ವಾಹಿನಿಯ ‘ಕೋಹಕು’ ಎಂಬ ವರ್ಷಾಂತ್ಯದ ಹಾಡಿನ ಕಾರ್ಯಕ್ರಮದಲ್ಲಿ ಇಶಿಕಾವಾ ಅವರು ವರ್ಷಗಟ್ಟಲೆ ಈ ಎರಡು ಹಾಡುಗಳನ್ನೇ ಒಂದು ವರ್ಷ ಬಿಟ್ಟು ಒಂದು ವರ್ಷ ಹಾಡುತ್ತ ಬಂದವರು. ಆ ವಿಡಿಯೊಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಅವರ ಕೈಬೆರಳುಗಳಲ್ಲೇ ಕಾಣುತ್ತದೆ.

‘ನೊತೊ ಹಂತೋ’ ಕೂಡ 1977ರದ್ದೇ, ‘ತ್ಸುಗರು’ ರಚಿಸಿದ ಜೋಡಿಯದೇ ರಚನೆ. 2024ರ ಹೊಸ ವರ್ಷದ ದಿನ ನೊತೊ ಪರ್ಯಾಯದ್ವೀಪ ಭೂಕಂಪದಿಂದ ನಲುಗಿದ ಮೇಲೆ ಈ ಹಾಡಿಗೆ ಬೇರೆಯೇ ಭಾರ ಬಂದಿದೆ, ಆದ್ದರಿಂದ ಸಂತೋಷ ಕೂಟಕ್ಕೆ ನಾನು ಆರಿಸುವುದಿಲ್ಲ. ಎಂಕಾ ಬೇಡವೇ ಬೇಡ ಎನ್ನಿಸಿದರೆ ವಿಸ್ಕಿ ಜಾಹೀರಾತಿಗಾಗಿ ಅವರು ಹಾಡಿದ ‘ಉಯಿಸುಕೀ ಗ ಒಸುಕಿ ದೆಶೊ’ ಇದೆ. ಜಾಜ್ ಛಾಯೆಯ ಮೆಲುದನಿಯ ಹಾಡು, ಗಂಟಲಿಗೆ ಕಷ್ಟವಿಲ್ಲ.

ಹೆಣ್ಣಿನ ಮಾತನ್ನು ಗಂಡಸು ಹಾಡುವುದು ಎಂಕಾದಲ್ಲಿ ತೀರಾ ಸಹಜ, ಆ ಸಂಕೋಚ ಬೇಡ. ರಿಮೋಟಿನಲ್ಲಿ ಶ್ರುತಿ ಏರಿಸುವ, ಇಳಿಸುವ ಗುಂಡಿಗಳಿವೆ. ನಾನು ‘ತ್ಸುಗರು’ಗೆ ನಾಲ್ಕು ಮೆಟ್ಟಿಲು ಇಳಿಸಿಕೊಳ್ಳುತ್ತೇನೆ, ನಿಮ್ಮದನ್ನು ಕೂಟಕ್ಕೆ ಮೊದಲೇ ಒಬ್ಬರೇ ಹೋಗಿ ಗೊತ್ತುಮಾಡಿಕೊಳ್ಳಿ. ಪರದೆಯ ಮೇಲೆ ಕಂಜಿ ಎಂಬ ಚೀನೀ ಮೂಲದ ಅಕ್ಷರಗಳ ತಲೆಯ ಮೇಲೆ ಓದಲು ಸುಲಭವಾದ ಸಣ್ಣ ಕಾನಾ ಅಕ್ಷರಗಳು ಬರುತ್ತವೆಯಾದರೂ ಅದನ್ನು ನಂಬಿ ಹೋಗದೆ, ಮೊದಲ ಎರಡು ವಾರ ರಾಗವನ್ನು ಬಿಟ್ಟು ಸಾಹಿತ್ಯವನ್ನು ಮಾತ್ರ ಗಟ್ಟಿಯಾಗಿ ಓದಿ ಬಾಯಿಪಾಠ ಮಾಡಿಕೊಳ್ಳಿ.