ಹೊಸ ಗೇಮಿಂಗ್ ಕಂಪ್ಯೂಟರಿನಲ್ಲಿ 120 ಎಫ್‌ಪಿಎಸ್ (ಸೆಕೆಂಡಿಗೆ 120 ಚಿತ್ರ) ಬಂದರೂ ದೃಶ್ಯ ತಡವರಿಸುವುದೇಕೆ?

ಗ್ರಾಫಿಕ್ಸ್ ಕಾರ್ಡನ್ನು ದೂರುವ ಮೊದಲು ಮಾನಿಟರ್ ನೋಡಿ. 144 ಹರ್ಟ್ಸ್‌ನದನ್ನು, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸಬಲ್ಲದ್ದನ್ನು, ಕೊಂಡಿದ್ದರೂ ವಿಂಡೋಸ್ ಎಷ್ಟೋ ಸಲ ಅದನ್ನು 60ರಲ್ಲೇ ಓಡಿಸುತ್ತಿರುತ್ತದೆ. ಆಗ ಕಾರ್ಡ್ ಎಷ್ಟೇ ದುಡಿದರೂ ಪರದೆ ಬದಲಾಗುವುದು 16.7 ಮಿಲಿಸೆಕೆಂಡಿಗೊಮ್ಮೆ, 144ರಲ್ಲಾದರೆ ಸುಮಾರು 7ಕ್ಕೇ ಬದಲಾಗುತ್ತದೆ. ಸೆಟ್ಟಿಂಗ್ಸ್‌ನ ಅಡ್ವಾನ್ಸ್‌ಡ್ ಡಿಸ್‌ಪ್ಲೇಯಲ್ಲಿ ರಿಫ್ರೆಶ್ ರೇಟ್ ಬದಲಿಸಿ. 144 ಅಲ್ಲಿ ಕಾಣಿಸದಿದ್ದರೆ ಎಚ್‌ಡಿಎಂಐ ಬಿಟ್ಟು ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ ನೋಡಿ. ಕೇಬಲ್ ಮದರ್‌ಬೋರ್ಡಿಗಲ್ಲ, ಕಾರ್ಡಿಗೇ ಸಿಕ್ಕಿಸಿರಬೇಕು. ಇಷ್ಟು ದುಡ್ಡು ಸುರಿದ ಮೇಲೂ ಇದನ್ನು ಮರೆಯುವವರುಂಟು.

ಸ್ವಲ್ಪ ಹೊತ್ತು ಆಡಿದ ಮೇಲಷ್ಟೇ ತಡವರಿಸಿದರೆ ಶಾಖದ ಮೇಲೆ ಅನುಮಾನಪಡಿ. ದಾವಣಗೆರೆಯ ಏಪ್ರಿಲ್ ಸೆಕೆ ಸಾಲದೆಂಬಂತೆ, ಪ್ರೊಸೆಸರ್ ಕೂಲರಿನ ತಳದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕೀಳದೆಯೇ ಕೂರಿಸಿರುವುದೂ ಉಂಟು. ಬಿಸಿ ಮಿತಿಮೀರಿದಾಗ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಎರಡು ರ‍್ಯಾಮ್ (ಮೆಮೊರಿ ಪಟ್ಟಿ) ಇದ್ದರೆ ಅವು ಕೂತ ಜಾಗವನ್ನೂ ನೋಡಿ; ಸಾಮಾನ್ಯವಾಗಿ 2 ಮತ್ತು 4ನೇ ಸ್ಲಾಟಿನಲ್ಲಿರಬೇಕು. ಮದರ್‌ಬೋರ್ಡಿನ ಕೈಪಿಡಿ ನೋಡಿಕೊಳ್ಳಿ.