ರಾತ್ರಿಯ ಮಾತ್ರೆ ಮತ್ತು ಬಾರದ ಮುಟ್ಟು

ಪ್ರಶ್ನೆ: ಮಗಳಿಗೆ 14 ವರ್ಷ. ಹುಟ್ಟಿದ ಎರಡನೇ ವಾರದಲ್ಲೇ ವಾಂತಿಯಾಗಿ, ಸುಸ್ತಾಗಿ, ಸಿಎಎಚ್ ಎಂಬ, ಹುಟ್ಟಿನಿಂದಲೇ ಬರುವ ಅಡ್ರಿನಲ್ ಗ್ರಂಥಿಯ (ಮೂತ್ರಪಿಂಡದ ಮೇಲಿರುವ ಗ್ರಂಥಿ) ಕಾಯಿಲೆ ಇದೆ ಎಂದು ಗೊತ್ತಾಯಿತು. ಅಂದಿನಿಂದ ದಿನಕ್ಕೆ ಮೂರು ಸಲ ಹೈಡ್ರೋಕಾರ್ಟಿಸೋನ್ ಮಾತ್ರೆ ಕೊಡುತ್ತಿದ್ದೇವೆ. ಗೆಳತಿಯರೆಲ್ಲ ದೊಡ್ಡವರಾದರು, ಇವಳಿಗೆ ಇನ್ನೂ ಮುಟ್ಟಾಗಿಲ್ಲ. ಮೊಡವೆ, ಮುಖದ ಮೇಲೆ ಕೂದಲು ಜಾಸ್ತಿಯಾಗಿದೆ. ದಪ್ಪ ಆಗ್ತೀನಿ ಅಂತ ರಾತ್ರಿಯ ಮಾತ್ರೆ ಬಿಡುತ್ತಿದ್ದಳಂತೆ. ಮುಂದೆ ಇವಳಿಗೆ ಮಕ್ಕಳಾಗುತ್ತವಾ ಡಾಕ್ಟ್ರೇ?

ಉತ್ತರ: ಕೊನೆಯ ಪ್ರಶ್ನೆಯೇ ನಿಮ್ಮ ನಿದ್ದೆ ಕೆಡಿಸಿರಬೇಕು, ಅದನ್ನೇ ಮೊದಲು ಹೇಳುತ್ತೇನೆ. ಈ ಕಾಯಿಲೆ ಇರುವ ಹೆಣ್ಣುಮಕ್ಕಳಿಗೂ ಗರ್ಭಕೋಶ, ಅಂಡಾಶಯ ಇದ್ದೇ ಇರುತ್ತವೆ. ಔಷಧಿ ಸರಿಯಾಗಿ ತೆಗೆದುಕೊಂಡು ತಾಯಂದಿರಾದವರು ಬಹಳ ಜನ ಇದ್ದಾರೆ.

ಮುಟ್ಟು ತಡವಾಗಲು ರಾತ್ರಿ ಬಿಟ್ಟ ಮಾತ್ರೆಯೇ ಕಾರಣ ಇರಬಹುದು. ಇವಳ ಅಡ್ರಿನಲ್ ಗ್ರಂಥಿಗೆ ದೇಹಕ್ಕೆ ಬೇಕೇ ಬೇಕಾದ ಕಾರ್ಟಿಸಾಲ್ ಎಂಬ ಹಾರ್ಮೋನ್ ತಯಾರಿಸಲು ಆಗುವುದಿಲ್ಲ, ಮಾತ್ರೆ ಕೊಡುವುದು ಅದನ್ನೇ. ಮಾತ್ರೆ ಬಿಟ್ಟರೆ, ಸಾಲದು, ಇನ್ನೂ ಮಾಡು ಎಂದು ಮಿದುಳು ಒತ್ತಾಯಿಸುತ್ತಲೇ ಇರುತ್ತದೆ, ಬೆಳಗಿನ ಜಾವ ಆ ಒತ್ತಾಯ ಇನ್ನೂ ಜೋರು. ಆಗ ಗ್ರಂಥಿ ಗಂಡು ಹಾರ್ಮೋನನ್ನೇ ಜಾಸ್ತಿ ಮಾಡುತ್ತದೆ. ಮೊಡವೆ, ಕೂದಲು ಬರುವುದು ಅದರಿಂದ. ಮುಟ್ಟನ್ನು ತಡೆಯುವುದೂ ಅದೇ.

ದಯವಿಟ್ಟು ಅವಳನ್ನು ಬೈಯಬೇಡಿ. ದಪ್ಪ ಆಗುವ ಭಯ ಸುಮ್ನೆ ಹುಟ್ಟಿದ್ದಲ್ಲ, ಡೋಸ್ ಜಾಸ್ತಿಯಾದರೆ ತೂಕ ಏರುವುದು ನಿಜ. ಹಾರ್ಮೋನ್ ಡಾಕ್ಟರ ಹತ್ತಿರ, ಕಾಯಿಲೆ ಹತೋಟಿಯಲ್ಲಿದೆಯೇ ಎಂದು ತೋರಿಸುವ 17-ಓಎಚ್‌ಪಿ ರಕ್ತಪರೀಕ್ಷೆ ಮಾಡಿಸಿ, ಅವಳ ಈಗಿನ ಎತ್ತರ, ತೂಕ ನೋಡಿ ಡೋಸ್ ಸರಿ ಮಾಡಿಸಿ. ಮಾತ್ರೆ ಯಾಕೆ ಬಿಟ್ಟಳು ಎಂದು ಅವಳೇ ಹೇಳಲಿ. ನಾನಂತೂ ಈ ವಯಸ್ಸಿನ ಮಕ್ಕಳು ಬಂದರೆ ತಾಯಿಯನ್ನು ಹತ್ತು ನಿಮಿಷ ಹೊರಗೆ ಕೂರಿಸುತ್ತೇನೆ. ಆಗಲೇ ನಿಜವಾದ ಮಾತು ಬರುವುದು.

15 ತುಂಬಿದರೂ ಮುಟ್ಟಾಗದಿದ್ದರೆ ಸ್ಕ್ಯಾನ್ ಮಾಡಿಸಿ. ಈ ಗಂಡು ಹಾರ್ಮೋನಿನಿಂದ ಹುಟ್ಟುವಾಗಲೇ ಜನನಾಂಗ ಬೇರೆ ಥರ ಇದ್ದು, ಚಿಕ್ಕಂದಿನಲ್ಲಿ ಅದರ ಆಪರೇಷನ್ ಆಗಿದ್ದರೆ, ಮುಟ್ಟು ಹೊರಬರುವ ದಾರಿ ಸರಿಯಾಗಿದೆಯೇ ಎಂದು ಅನುಭವಿ ಡಾಕ್ಟರು ಒಮ್ಮೆ ನೋಡಲಿ. ಅವಳು ಒಪ್ಪಿದ ಮೇಲೆಯೇ ನೋಡಬೇಕು. ಹೋದಲ್ಲೆಲ್ಲ ಮೈ ಪರೀಕ್ಷೆ ಮಾಡಿಸಿ ಅವಳನ್ನು ಕುಗ್ಗಿಸಬೇಡಿ.

ಒಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮಾತ್ರೆ ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಜ್ವರ ಬಂದಾಗ ಡೋಸನ್ನು ಎರಡು ಮೂರು ಪಟ್ಟು ಏರಿಸಬೇಕಾಗುತ್ತದೆ. ಎಷ್ಟೆಂದು ಡಾಕ್ಟರಿಂದ ಬರೆಸಿಟ್ಟುಕೊಳ್ಳಿ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಇಂಜೆಕ್ಷನ್ನೇ ಬೇಕು, ತಡಮಾಡದೆ ಆಸ್ಪತ್ರೆಗೆ ಓಡಿ. ಇದು ನಿಮಗೆ ಗೊತ್ತಿರಬಹುದು. ಇನ್ನು ಅವಳಿಗೂ ಗೊತ್ತಿರಬೇಕು, 14 ವರ್ಷ ಆಯಿತಲ್ವಾ.